ನೂರು ಪಾಯಿಂಟ್ ಆರು

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಂಡು,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ನನ್ನ ಸಾಬೂನನ್ನೂ ಸವೆಸಿ, ನನ್ನನ್ನೇ ಬೈಯುತ್ತಿದ್ದವಳು ನೀನು, ಹೇಳಿಕೊಡಬೇಕೆ? ಮಂಡಿ ಹೇಗಿದೆ? ನನ್ನದಂತೂ ಮೆಟ್ಟಿಲು ಕಂಡರೆ ಅಳುತ್ತದೆ.

ಬರೆಯಲು ಮನಸ್ಸೇ ಇರಲಿಲ್ಲ ಕಣೇ. ನಮ್ಮ ವಾರ್ಡಿನಲ್ಲಿ ಒಂದು ಸಾವಾಯಿತು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಡಂ. ನಾಲ್ಕೂವರೆ ತಿಂಗಳಿಗೇ ನೀರಿನ ಚೀಲ ಒಡೆದು ಬಂದಳು. ಮಗು ಉಳಿಯುವ ಹಾಗಿರಲಿಲ್ಲ, ಒಳಗೇ ಬಿಟ್ಟರೆ ತಾಯಿಗೂ ನಂಜು. ಅದು ನಮಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಅದರ ಎದೆ ಇನ್ನೂ ಬಡಿಯುತ್ತಿತ್ತು. ಹೊಸ ಕಾನೂನು ನಿನಗೆ ಗೊತ್ತಲ್ಲ, ಮಗುವಿನ ಎದೆ ಬಡಿಯುವವರೆಗೆ ಗರ್ಭ ತೆಗೆಯಲು ಯಾರೂ ಕೈ ಹಾಕುವಂತಿಲ್ಲ. ತಾಯಿಯ ಜೀವಕ್ಕೇ ಅಪಾಯ ಎಂದು ತೋರಿಸಬೇಕು, ಇಲ್ಲದಿದ್ದರೆ ಡಾಕ್ಟರಿಗೆ ಹತ್ತು ವರ್ಷ ಜೈಲು. ಸುಳ್ಳು ಬರೆದ ನರ್ಸಿಗೂ ಜೈಲೇ. ಎಷ್ಟಾದರೆ ಅಪಾಯ ಅಂತ ಕಾನೂನಿನಲ್ಲಿ ಇಲ್ಲ. ಅದನ್ನು ನಮ್ಮ ಆಸ್ಪತ್ರೆಯ ವಕೀಲರು ಹೇಳಿದ್ದಾರೆ: ಜ್ವರ ನೂರಾ ಒಂದು ಇರಬೇಕಂತೆ. ಅವರ ಮಾತಿಗಿಷ್ಟು ಬೆಂಕಿ ಹಾಕ, ಆ ಮನುಷ್ಯ ಒಂದು ದಿನ ಥರ್ಮಾಮೀಟರ್ ಹಿಡಿದವನಲ್ಲ!

ಬೆಳಗ್ಗೆಯಿಂದ ಗಂಟೆಗೊಮ್ಮೆ ಜ್ವರ ನೋಡಿದೆ. ಹೊಸದಾಗಿ ಬಂದ ಡಾಕ್ಟರಮ್ಮ, ನಾವು ಮರಿ ಡಾಕ್ಟರು ಅನ್ನುತ್ತೇವೆ, ಮಂಚದ ಪಕ್ಕದಿಂದ ಅಲ್ಲಾಡಲಿಲ್ಲ. ಮಧ್ಯಾಹ್ನ ಎರಡಕ್ಕೆ ನೂರು ಪಾಯಿಂಟ್ ಆರು.

"ಸರಿಯಾಗಿ ನೋಡಿದ್ರಾ ಸಿಸ್ಟರ್?"

"ಮೂವತ್ತೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಡಾಕ್ಟ್ರೇ."

"ಇನ್ನೊಂದ್ಸಲ ನೋಡಿ, ದಯವಿಟ್ಟು."

ನೋಡಿದೆ. ಅಷ್ಟೇ ಇತ್ತು, ಅಷ್ಟನ್ನೇ ಬರೆದೆ. ಮರಿ ಡಾಕ್ಟರು ವಕೀಲರಿಗೆ ಫೋನ್ ಮಾಡಲು ಹೊರಗೆ ಹೋದಳು. "ಸ್ವಲ್ಪ ಕಾಯಿರಿ" ಅಂದರಂತೆ. ನಾಲ್ಕಕ್ಕೆ ನೂರಾ ಮೂರು ದಾಟಿ ಮೇಡಂ ಗಡಗಡ ನಡುಗತೊಡಗಿದಳು. ಆಗ ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಡಿದೆವು. ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿಬಿಟ್ಟಿತ್ತು. ಮೂರನೆಯ ದಿನ ಹೋಗಿಬಿಟ್ಟಳು, ಗುಂಡು. ಮೂವತ್ತೆರಡು ವಯಸ್ಸು.

ವಿಚಾರಣೆ ನಡೆಯಿತು. ನನ್ನ ಚಾರ್ಟ್ ನೋಡಿ ಸಮಿತಿಯ ಹಿರಿಯರು, "ಎಷ್ಟು ಅಚ್ಚುಕಟ್ಟು ಸಿಸ್ಟರ್! ನಿಮ್ಮಿಂದ ಎಲ್ರೂ ಬಚಾವಾದ್ರು" ಅಂದರು. ಮರಿ ಡಾಕ್ಟರ ಮೇಲೂ ಕೇಸಿಲ್ಲ. ಆದರೆ ಅವಳು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾಳೆ. ಇನ್ನೊಂದು ಸಲ ನೋಡಿ ಅಂದದ್ದು ಯಾಕೆಂದು ನನ್ನ ಮಂಡೆಗೆ ಆಮೇಲೆ ಹೊಳೆಯಿತು.

ಮಗಳು ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು, ಪುಟ್ಟಿಗೆ ಎರಡು ಮುತ್ತು ಹೆಚ್ಚಿಗೆ ಕೊಡು. ಎಲ್ಲರೂ ಚೆನ್ನಾಗಿರಿ.

ನಿನ್ನ
ಕಡ್ಡಿ

ತಾಜಾ ಕಲಂ: ಆಮೇಲೆ ಹೊಳೆಯಿತು ಅಂತ ಬರೆದೆನಲ್ಲ, ಸುಳ್ಳು. ಡಾಕ್ಟರು ಫೋನಿಗೆ ಹೋದಾಗ ಮೇಡಂ ನನ್ನ ಕೈ ಹಿಡಿದುಕೊಂಡು ಬಾಯಿಬಿಟ್ಟೇ ಕೇಳಿದ್ದಳು. "ನೂರಾ ಒಂದು ಅಂತ ಬರೀರಿ ಅಕ್ಕಾ. ಬರೀ ನಾಲ್ಕು ಪಾಯಿಂಟು. ನಾನ್ಯಾರಿಗೂ ಹೇಳಲ್ಲ." "ಹಾಗೆಲ್ಲಾ ಬರೆಯೋಕಾಗಲ್ಲಮ್ಮ, ಸುಮ್ನೆ ಮಲ್ಕೊಳಿ" ಅಂದೆ. ಅವಳು ನನ್ನ ಕೈ ಬಿಟ್ಟು, ಗೋಡೆಯ ಕಡೆ ತಿರುಗಿ ಸುಮ್ಮನೆ ಮಲಗಿಕೊಂಡಳು.