ಮೂರು ಕಪ್ ಬಂದ ಸಂಜೆ

ಕೊಂಡಪ್ಪಾ,

ಸೈನ್ಯದ ಪಟಾಲಮ್ಮಿನ ಜೊತೆ ನೀನು ಹೋದ ಸಿಂಗಾಪುರ ಜಪಾನೀಯರ ವಶವಾದ ಮೇಲೆ ನಿನಗೆ ಬರೆಯಲು ವಿಳಾಸವೇ ಇಲ್ಲ. ಆದರೂ ಹೇಳಬೇಕು. ನಮ್ಮ ಮಾಲೂರು ಕ್ಲಬ್ಬು ಒಂದೇ ಸೀಸನ್ನಿನಲ್ಲಿ ಮೂರು ಫುಟ್‌ಬಾಲ್ ಕಪ್ ಗೆದ್ದಿತು ಕಣೋ. ಕೋಲಾರ, ಮುಳಬಾಗಿಲು ಆದಮೇಲೆ ಇವತ್ತು ಶ್ರೀನಿವಾಸಪುರ. ನೀನು ಕಾಯುತ್ತಿದ್ದ ಗೋಲಿನಲ್ಲಿ ನಾನು ನಿಂತಿದ್ದೆ.

ಕಪ್‌ಗಳನ್ನು ನಿಮ್ಮಮ್ಮನ ಕೈಗೆ ಕೊಡೋಣವೆಂದು ಎಲ್ಲರೂ ಹೊರಟೆವು. ನಿಮ್ಮ ಬೀದಿಗೆ ಬರುತ್ತಲೇ ನೀನಿಲ್ಲದ ಮನೆ ಕಂಡು ನಮ್ಮ ಕೂಗಾಟ ತಾನಾಗಿಯೇ ನಿಂತಿತು. ಅಷ್ಟು ಜನ ಸದ್ದಿಲ್ಲದೆ ಬರುವುದನ್ನು ಕಂಡು ನಿಮ್ಮಮ್ಮ ಆವಲಮ್ಮನವರು ಬಾಗಿಲು ಹಾಕಿಕೊಂಡು ಒಳಗಿಂದಲೇ ಕೂಗಿದರು.

"ಪಟಾಲಮ್ಮಿಂದ ತಂತಿ ಬಂತೇನ್ರಪ್ಪಾ? ಓದ್ಬೇಡಿ, ಹೋಗಿ!"

"ತಂತಿ ಅಲ್ಲಮ್ಮಾ, ಗೆದ್ವಿ! ಮೂರೂ ಕಪ್ ತಂದಿದೀವಿ."

ಚಿಲಕ ತೆಗೆದರು. ಕಪ್‌ಗಳ ಕಡೆ ನೋಡಲೇ ಇಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನನ್ನೆದುರು ನಿಂತರು.

"ಹಂಗಾದ್ರೆ ಅವ್ನೂ ಬಂದವ್ನಾ?"

ಹುಡುಗರೆಲ್ಲ ನನ್ನ ಕಡೆಗೇ ತಿರುಗಿದರು.

ನಿನ್ನ,
ಕೋದಂಡರಾಮಪ್ಪ