ಹದಿನೈದು ಅಂಕದ ಅಂತರ

ಏಪ್ರಿಲ್ 9

ಮತ್ತೆ ಅದೇ ಸ್ಟುಡಿಯೋ, ಅದೇ ಗಲಾಟೆ. ಮೂರು ವಿಭಾಗದ ಮಕ್ಕಳ ಒಂದೊಂದು ತಂಡಕ್ಕೆ ಒಂದೊಂದು ಕಟ್ಟಡ. ಆರ್ಕಿಟೆಕ್ಚರಿನವರು ನಕ್ಷೆ, ಸಿವಿಲ್‌ನವರು ಕಂಬ-ಬೀಮು, ಮೆಕ್ಯಾನಿಕಲ್‌ನವರು ಏಸಿ ಗಾಳಿ ಹಾಯುವ ಡಕ್ಟು. ಮೂರೂ ಕೂಡಬೇಕು. ಎಣ್ಣೆ ಸೀಗೇಕಾಯಿ ಸಂಬಂಧ!

ಕೋರ್ಸ್ ಶುರು ಮಾಡಿದವರು ನಾವಿಬ್ಬರೇ, ಗಂಡ-ಹೆಂಡತಿ. ಅವರು ಆರ್ಕಿಟೆಕ್ಚರ್, ನಾನು ಸಿವಿಲ್. ಅಂಕ ಕೊಡುವ ನಿಯಮಗಳನ್ನು ಅಡುಗೆಮನೆಯಲ್ಲಿ ಕೂತು ಬರೆದಿದ್ದೆವು, ಹಾಲು ಉಕ್ಕಿಸಿಕೊಂಡು.

ಇವತ್ತು ಕಾರಿಡಾರಿನಲ್ಲಿ ಎದುರಾದರು. "ನಮಸ್ತೆ ಮೇಡಂ." ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಿಗೆ ಕೇಳಿಸಲಿ ಅಂತ ಈ ಮೇಡಂ?

ಏಪ್ರಿಲ್ 13, ಭಾನುವಾರ

ಅಮ್ಮನ ಫೋನು. "ಅಳಿಯಂದ್ರು ಅವರಕ್ಕನ ಮನೆಗೆ ಹೋಗಿ ಎರಡು ತಿಂಗಳಾಯ್ತಲ್ಲೇ. ಏನ್ ಜಗಳ ಹೇಳು, ನಾನ್ ಬಂದು ಮಾತಾಡ್ತೀನಿ."

ಜಗಳ ಇದ್ದರೆ ತಾನೇ! ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ನಾವು ಜಗಳವೇ ಆಡಲಿಲ್ಲ. ಬರೀ ಉಂಡೆವು, ಮಲಗಿದೆವು.

ಮೂರು ವರ್ಷದ ಹಿಂದೆ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ನನಗೆ ನೋವಾದೀತೆಂದು ಅವರು ಮಾತೆತ್ತಲಿಲ್ಲ. ಅವರಿಗೆ ನೋವಾದೀತೆಂದು ನಾನೂ ಎತ್ತಲಿಲ್ಲ. ಆಮೇಲೆ ಬೇರೆ ಮಾತೂ ಬರದಾಯಿತು.

ಏಪ್ರಿಲ್ 30

ರಾಜೀನಾಮೆ ಕೊಟ್ಟಿದ್ದಾರಂತೆ. ಬೇರೆ ಊರಿನ ಕಾಲೇಜು. ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದು ಕೇಳಿ ತಿಳಿಯಿತು. ಹೆಂಡತಿ ನಾನು!

ಇಲ್ಲಿ ಅವರ ಕೊನೆಯ ಕೆಲಸ ಫೈನಲ್ ವೈವಾ. ಪರೀಕ್ಷಕರು ನಾವಿಬ್ಬರೇ. ಬೇರೆ ಬೇರೆ ಅಂಕ ಹಾಕಿ ಕವರ್ ಅಂಟಿಸಬೇಕು. ಯಾವ ತಂಡಕ್ಕಾದರೂ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಇಬ್ಬರೂ ಒಂದು ಕೋಣೆಯಲ್ಲಿ ಕೂತು, ಒಪ್ಪಿಗೆಯಾಗುವ ತನಕ ಮಾತಾಡಬೇಕು. ಎದ್ದು ಹೋಗುವಂತಿಲ್ಲ. ಅವರೇ ಬರೆದ ನಿಯಮ.

ಒಂದು ತಂಡಕ್ಕೆ ಬೇಕಂತಲೇ ಇಪ್ಪತ್ತು ಕಮ್ಮಿ ಹಾಕಿದರೆ...

ಥೂ. ಮಕ್ಕಳ ಅನ್ನಕ್ಕೆ ಮಣ್ಣು ಹಾಕಿ ನನ್ನ ಮನೆ ಕಟ್ಟಲೇ?

ಮೇ 5

ವೈವಾ. ನಾಲ್ಕನೇ ತಂಡದ್ದು ಸಣ್ಣ ಕ್ಲಿನಿಕ್ಕು. ನೀಟಾದ ನಕ್ಷೆ. ಆದರೆ ರೋಗಿಗಳು ಕೂರುವ ಕೋಣೆಯ ಸೀಲಿಂಗ್ ತಲೆಗೆ ಬಡಿಯುವಷ್ಟು ಕೆಳಗೆ. ಯಾಕೆ ಅಂತ ಕೇಳಿದೆ. ಡಕ್ಟು ನೇರ ಬೀಮಿಗೆ ಹೊಡೆಯುತ್ತಿತ್ತು, ಕೊನೇ ವಾರ ಬೇರೆ ದಾರಿಯಿಲ್ಲದೆ ಬೀಮಿನ ಕೆಳಗೆ ಇಳಿಸಿದರಂತೆ.

"ಹೊಡೆಯುತ್ತೆ ಅಂತ ಯಾವಾಗ ಗೊತ್ತಾಯ್ತು?"

ಸಿವಿಲ್ ಹುಡುಗ ನೆಲ ನೋಡಿದ. "ಮೊದಲ್ನೇ ವಾರಾನೇ ಮೇಡಂ."

"ನಂಗೂ ಗೊತ್ತಿತ್ತು," ಅಂದಳು ಡಕ್ಟಿನ ಹುಡುಗಿ.

"ಮತ್ತೆ ಹೇಳ್ಲಿಲ್ಲ ಯಾಕೆ?"

"ಇವಳು ಅಷ್ಟು ಕಷ್ಟಪಟ್ಟು ಮಾಡಿದ್ಲು... ಬೇಜಾರಾಗುತ್ತೆ ಅಂತ," ಅಂದ ಹುಡುಗ.

"ನಾನೂ ಅದಕ್ಕೇ," ಅಂದಳು ಅವಳು. ಕಣ್ಣು ತುಂಬಿತ್ತು.

ಪಕ್ಕದ ಕುರ್ಚಿಯಲ್ಲಿ ಅವರ ಪೆನ್ನು ನಿಂತಿತು. ನಾನು ಆ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮಕ್ಕಳ ಮುಂದೆಯೇ ಅತ್ತುಬಿಡುತ್ತಿದ್ದೆ.

ಟೀಮ್‌ವರ್ಕಿಗೆ ಹತ್ತಕ್ಕೆ ನಾಲ್ಕು ಹಾಕಿದೆ. ನ್ಯಾಯವಾಗಿಯೇ. ಅವರು ಮೃದು, ಅಯ್ಯೋ ಪಾಪ ಅಂತ ಎಲ್ಲದಕ್ಕೂ ಎರಡೆರಡು ಹೆಚ್ಚು ಹಾಕಿರಲಿ, ವ್ಯತ್ಯಾಸ ಹದಿನೈದು ದಾಟಲಿ ದೇವರೇ, ಅಂತ ಬೇಡಿಕೊಂಡೆ.

ಮೇ 6

ಪರೀಕ್ಷಾ ವಿಭಾಗ. ಹೊಸ ಗುಮಾಸ್ತ ಕವರು ಒಡೆದು ಎರಡೂ ಶೀಟು ಪಕ್ಕಪಕ್ಕ ಇಟ್ಟ. ಯಾವ ತಂಡಕ್ಕೂ ಮೂರು ಅಂಕ ಮೀರಿ ವ್ಯತ್ಯಾಸವಿಲ್ಲ. ನಾಲ್ಕನೇ ತಂಡಕ್ಕಂತೂ ಇಬ್ಬರದೂ ಅರವತ್ತೊಂದು. ಟೀಮ್‌ವರ್ಕಿಗೆ ಅವರದೂ ನಾಲ್ಕೇ.

"ಭಲೇ! ಮನೇಲೇ ಮಾತಾಡ್ಕೊಂಡ್ ಬಂದ್ರಾ ಸಾರ್?" ಅಂದ, ನಗುತ್ತ. ಪಾಪ, ಅವನಿಗೇನು ಗೊತ್ತು.

ಅವರು ನಗಲಿಲ್ಲ. "ಹಾಗಾದ್ರೆ ಮಾತಾಡೋದು ಏನೂ ಉಳೀಲಿಲ್ಲ."

"ಇಲ್ಲ," ಅಂದೆ. ಸಹಿ ಹಾಕಿದೆವು.

ಬಾಗಿಲ ತನಕ ಹೋದವರು ನಿಂತರು. "ಊಟ ಆಯ್ತಾ ನಿಂದು?"

ನಿಂದು. ಮೇಡಂ ಅಲ್ಲ.

"ಆಯ್ತು," ಅಂದುಬಿಟ್ಟೆ. ಬೆಳಿಗ್ಗೆಯಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ. ಅವರು ತಲೆಯಾಡಿಸಿ ಮೆಟ್ಟಿಲಿಳಿದರು.

ಮೇ 7, ಬೆಳಿಗ್ಗೆ

ಹತ್ತು ಗಂಟೆಗೆ ಅವರ ಬಸ್ಸು. ಇನ್ನೂ ಹೊತ್ತಿದೆ. ಫೋನು ಕೈಯಲ್ಲೇ ಇದೆ. "ನಿನ್ನೆ ನಂದು ಊಟ ಆಗಿರ್ಲಿಲ್ಲ ರೀ" ಅಂತ ಟೈಪ್ ಮಾಡಿದೆ. ಎರಡು ಸಲ ಓದಿದೆ. ಅಳಿಸಿದೆ.

ಹೊರಟು ನಿಂತವರಿಗೆ ಸುಮ್ಮನೆ ಬೇಜಾರಾಗುತ್ತೆ ಅಂತ—