ಸಾವಿಗೆಂದು ನೇಯ್ದ ಅಂಗಿ

ಫೆಬ್ರವರಿ ೧೧, ಮಂಗಳವಾರ

ಸಫ್ತಾ ಅಜ್ಜಿ ಹೋದರೆ ಅವಳಿಗೆ ಏನು ತೊಡಿಸುವುದು? ನಿನ್ನೆಯಿಂದ ಇದೇ ಕೊರೆಯುತ್ತಿತ್ತು.

ನಿನ್ನೆ ಸಂಜೆ ಊರ ಹೆಂಗಸರೆಲ್ಲ ನೂಲಲು ಕೂತಾಗ ಮೊದಲು ಹೇಳಿದವಳು ವೇಟಾ ಅಕ್ಕ. ಭಾನುವಾರ ತೀರಿಕೊಂಡ ಅಂಗೆಲೀನಾಳ ಮನೆಯಲ್ಲಿ ಹರಕು ಬಟ್ಟೆ ಬಿಟ್ಟರೆ ಏನೂ ಇರಲಿಲ್ಲವಂತೆ. ಪಕ್ಕದ ಮನೆಯ ಸಫ್ತಾ ಅಜ್ಜಿ, ತನ್ನ ಸಾವಿಗೆಂದು ತಾನೇ ನೇಯ್ದು ಪೆಟ್ಟಿಗೆಯಲ್ಲಿಟ್ಟಿದ್ದ ಕಸೂತಿ ಅಂಗಿಯನ್ನು ಒಯ್ದು ತೊಡಿಸಿದಳಂತೆ. ಇನ್ನೊಂದು ಹೊಲಿಯೋಣವೆಂದರೆ ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ.

"ನಿನ್ನ ಬಾವಿಗೆ ಬೂದಿ ಸುರಿದವಳಿಗಾ ಅಜ್ಜಿ?" ಎಂದು ವೇಟಾ ಅಕ್ಕ ರೇಗಿದ್ದಳಂತೆ.

"ಅವಳಿಗೇ ಕಣೆ. ಕ್ರಿಸ್ತನ ಮುಂದೆ ಹರಕು ಬಟ್ಟೇಲಿ ನಿಲ್ಲೋಕಾಗುತ್ತಾ? ನನ್ನ ಕಂಡ್ರೆ ಮುಖ ತಿರುಗಿಸ್ತಿದ್ಲು. ಈಗ ನನ್ನ ಅಂಗಿನೇ ತೊಟ್ಕೊಂಡು ಹೋಗ್ಲಿ!"

ನಕ್ಕೆವು.

ಇವತ್ತು ಬೆಳಿಗ್ಗೆ ಯಾರೂ ಕರೆಯದೆಯೇ ಎಲ್ಲರೂ ಅಜ್ಜಿಗೆ ಹೊಸ ಅಂಗಿ ಹೊಲಿಯಲು ವೇಟಾ ಅಕ್ಕನ ಮನೆ ಸೇರಿದೆವು. ನನ್ನ ಮದುವೆಗೆ ಅಮ್ಮ ಕೊಟ್ಟ ಲಿನಿನ್ ಬಟ್ಟೆ, ಬಾಯಾ ಮಾರೆ ಪೇಟೆಯಿಂದ ಅಕ್ಕ ತಂದಿದ್ದ ದಾರ. ಒಂದು ತೋಳು ಮುಗಿಯುವಷ್ಟರಲ್ಲಿ ಅಜ್ಜಿಯೇ ಹಿಮದಲ್ಲಿ ಕೋಲೂರಿಕೊಂಡು ಬಂದಳು.

"ನನ್ನ ಕಳಿಸೋಕೆ ಇಷ್ಟು ಆತುರಾನಾ?" ಎನ್ನುತ್ತ ತೋಳನ್ನು ಬೆರಳಿನಿಂದ ತಡವಿದಳು. "ಇಷ್ಟು ಬಿಗಿ ಬೇಡ್ರೇ, ದೊಡ್ಡದಾಗಿ ಹೊಲೀರಿ. ನನಗಿಂತ ಮುಂಚೆ ಇನ್ಯಾರಾದ್ರೂ ಹೊರಟ್ರೆ ಅವರಿಗೂ ಆಗಬೇಕಲ್ಲ."

ವೇಟಾ ಅಕ್ಕ ಹೊಲಿಗೆ ಬಿಚ್ಚತೊಡಗಿದಳು.